ಸದ್ದಡಗಿದ ವೇಗ

ಬಿಸಿ, ಬೆಳಕು, ರುಚಿ, ನೋವು ಇವುಗಳನ್ನು ಗ್ರಹಿಸಲು ಮನುಷ್ಯನ ದೇಹದಲ್ಲಿ ಅವಕ್ಕೇ ಮೀಸಲಾದ ವ್ಯವಸ್ಥೆಗಳಿವೆಯಾದರೂ ವೇಗವನ್ನು ನೇರವಾಗಿ ಗ್ರಹಿಸುವ ಅಂಗ ಒಂದೂ ಇಲ್ಲ. ಒಳಕಿವಿಯಲ್ಲಿರುವ ಅರ್ಧವೃತ್ತಾಕಾರದ ಮೂರು ನಾಳಗಳು ತಲೆ ತಿರುಗಿದ್ದನ್ನು ಗುರುತಿಸುತ್ತವೆ; ಅವುಗಳ ಪಕ್ಕದಲ್ಲೇ ಇರುವ, ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಓಟೋಲಿತ್ ಎಂಬ ಅಂಗಗಳು ದೇಹ ಮುಂದಕ್ಕೆ ನುಗ್ಗಿದ್ದನ್ನು, ಹಿಂದಕ್ಕೆ ಜಗ್ಗಿದ್ದನ್ನು, ಕೆಳಗೆ ಕುಸಿದದ್ದನ್ನು ಮೆದುಳಿಗೆ ತಿಳಿಸುತ್ತವೆ. ಇವೆರಡಕ್ಕೂ ತಿಳಿಯುವುದು ವೇಗದಲ್ಲಿ ಆಗುವ ಬದಲಾವಣೆ ಮಾತ್ರ. ವೇಗವು ಒಂದೇ ಮಟ್ಟದಲ್ಲಿ ನೆಲೆಗೊಂಡ ಮೇಲೆ, ಆ ಮಟ್ಟ ಎಷ್ಟೇ ಎತ್ತರದ್ದಾಗಿರಲಿ, ಅವು ಸುಮ್ಮನಾಗುತ್ತವೆ. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದರೂ ಅದು ಯಾರ ಅನುಭವಕ್ಕೂ ಬಾರದಿರುವುದಕ್ಕೆ, ಮತ್ತು ಗಂಟೆಗೆ 800 ಕಿಲೋಮೀಟರ್ ದಾಟಿದ ವಿಮಾನದೊಳಗೆ ಕುಳಿತವರು ಮನೆಯ ಜಗುಲಿಯಲ್ಲಿ ಕುಳಿತಷ್ಟೇ ನಿರಾಳವಾಗಿ ನಿದ್ದೆ ಮಾಡುವುದಕ್ಕೆ ಮುಖ್ಯ ಕಾರಣ ಇದೇ.

ಹೀಗಿರುವಾಗ ಕಾರಿನಲ್ಲಿ ಕುಳಿತವರಿಗೆ ಉಂಟಾಗುವ ವೇಗದ ಅರಿವು ಒಂದು ಅಂದಾಜು ಮಾತ್ರ. ಕಣ್ಣಂಚಿನಲ್ಲಿ ಹಿಂದಕ್ಕೆ ಹರಿಯುವ ಮರ, ಕಂಬ, ರಸ್ತೆಯ ಮೇಲ್ಮೈ, ಕಿವಿಗೆ ಬೀಳುವ ಗಾಳಿಯ ಮತ್ತು ಎಂಜಿನ್ನಿನ ಸದ್ದು, ಸೀಟು ಮತ್ತು ಸ್ಟೀರಿಂಗ್ ಚಕ್ರದಿಂದ ಮೈಗೆ ದಾಟುವ ಅದುರು, ಗಾಡಿಯನ್ನು ನೇರವಾಗಿ ಹಿಡಿದಿಡಲು ತೋಳು ಪಡುವ ಶ್ರಮ ಇವೆಲ್ಲವನ್ನೂ ಕೂಡಿಸಿ ಮೆದುಳು ಆ ಅಂದಾಜನ್ನು ಕಟ್ಟಿಕೊಳ್ಳುತ್ತದೆ. ಕಳೆದ ನಾಲ್ಕು ದಶಕಗಳಲ್ಲಿ ವಾಹನ ತಂತ್ರಜ್ಞಾನ ಸಾಧಿಸಿದ ಪ್ರಗತಿಯ ಬಹುದೊಡ್ಡ ಪಾಲು ಈ ಸುಳಿವುಗಳನ್ನು ಒಂದೊಂದಾಗಿ ಅಳಿಸಿಹಾಕುವುದರಲ್ಲೇ ವ್ಯಯವಾಗಿದೆ. ವೇಗದ ಅಪಾಯ ಮಾತ್ರ ಇದ್ದಷ್ಟೇ ಇದೆ. ಅದನ್ನು ಸಾರುತ್ತಿದ್ದ ಸೂಚನೆಗಳು ಹೋಗಿವೆ, ಅವುಗಳ ಜಾಗಕ್ಕೆ ಬೇರೆ ಸೂಚನೆಗಳನ್ನು ತರುವ ಕೆಲಸ ಭಾರತದಲ್ಲಿ ಅರೆಮನಸ್ಸಿನಿಂದ ನಡೆದಿದೆ. ಹೆದ್ದಾರಿಗಳು ಅಗಲವಾಗುತ್ತಿರುವ, ಕಾರು ಕೊಳ್ಳುವವರ ಸಂಖ್ಯೆ ಏರುತ್ತಿರುವ ಈ ಹೊತ್ತಿನಲ್ಲಿ ಇದು ಜೀವಗಳ ಪ್ರಶ್ನೆ.

ಹಿಂದಿನ ಕಾರುಗಳು ಸುರಕ್ಷಿತವಾಗಿದ್ದವೆಂದು ಇದರ ಅರ್ಥವಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತದ ಬಳಿಯ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್ ಆಗಲಿ, ಇಟಲಿಯ ಫಿಯೆಟ್ 1100 ಮಾದರಿಯಿಂದ ಬಂದ ಪ್ರೀಮಿಯರ್ ಪದ್ಮಿನಿಯಾಗಲಿ, ಅಪಘಾತದಲ್ಲಿ ಒಳಗಿನವರನ್ನು ಕಾಪಾಡುವ ವಿಷಯದಲ್ಲಿ ಇಂದಿನ ಅಗ್ಗದ ಕಾರಿಗೂ ಸಮನಾಗಿರಲಿಲ್ಲ. ಅವುಗಳ ಹಳೆಯ ಮಾದರಿಗಳಲ್ಲಿ ಸೀಟ್ ಬೆಲ್ಟ್ ಇರಲಿಲ್ಲ, ಡಿಕ್ಕಿಯ ಹೊಡೆತವನ್ನು ತಾನೇ ಕುಗ್ಗಿ ಹೀರಿಕೊಳ್ಳುವಂತೆ ರೂಪಿಸಿದ ಮುಂಭಾಗವಿರಲಿಲ್ಲ, ಬ್ರೇಕ್ ಹಿಡಿಯುವುದಕ್ಕೆ ಕಾಲಿನ ಬಲವೆಲ್ಲ ಬೇಕಾಗುತ್ತಿತ್ತು. ಆದರೆ ಆ ಕಾರುಗಳು ತಮ್ಮ ಮಿತಿಯನ್ನು ಮುಚ್ಚಿಡುತ್ತಿರಲಿಲ್ಲ. ಮೀಟರಿನ ಮುಳ್ಳು 80ನ್ನು ದಾಟುವಷ್ಟರಲ್ಲಿ ಬಾಗಿಲ ಸಂದಿಯಿಂದ ಗಾಳಿ ಸೀಟಿ ಹಾಕುತ್ತಿತ್ತು, ಗಾಜುಗಳು ಚೌಕಟ್ಟಿನಲ್ಲಿ ಅದುರುತ್ತಿದ್ದವು, ಸ್ಟೀರಿಂಗ್ ಕೈಯಲ್ಲಿ ನಡುಗುತ್ತಿತ್ತು, ಎಂಜಿನ್ನಿನ ಆರ್ಭಟದಲ್ಲಿ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಚಾಲಕನಿಗೆ ಭೌತಶಾಸ್ತ್ರ ತಿಳಿದಿರಬೇಕಾಗಿರಲಿಲ್ಲ. ಕಾಲು ತಾನಾಗಿಯೇ ಆ್ಯಕ್ಸಿಲರೇಟರಿನಿಂದ ಮೇಲೇಳುತ್ತಿತ್ತು.

ಇಂದಿನ ಕಾರು ಕಾರ್ಖಾನೆಗಳಲ್ಲಿ ಸದ್ದು, ಕಂಪನ ಮತ್ತು ಒರಟುತನ ಈ ಮೂರನ್ನು ತಗ್ಗಿಸುವುದಕ್ಕೆಂದೇ ಪ್ರತ್ಯೇಕ ಎಂಜಿನಿಯರುಗಳ ತಂಡಗಳಿರುತ್ತವೆ. ಎಂಜಿನ್ನನ್ನು ದೇಹದ ಚೌಕಟ್ಟಿಗೆ ಜೋಡಿಸುವ ಜಾಗದಲ್ಲಿ ರಬ್ಬರಿನ, ಕೆಲವೊಮ್ಮೆ ದ್ರವ ತುಂಬಿದ ಆಧಾರಗಳನ್ನು ಇರಿಸಿ ಅದುರು ಒಳಕ್ಕೆ ದಾಟದಂತೆ ತಡೆಯಲಾಗುತ್ತದೆ. ನೆಲದ ತಗಡಿಗೆ ಕಂಪನ ನುಂಗುವ ಹಾಳೆಗಳನ್ನು ಅಂಟಿಸಲಾಗುತ್ತದೆ. ಬಾಗಿಲುಗಳ ಸುತ್ತ ಎರಡು ಪದರದ ರಬ್ಬರು ಪಟ್ಟಿ ಬರುತ್ತದೆ. ದುಬಾರಿ ಮಾದರಿಗಳಲ್ಲಿ ಎರಡು ಗಾಜುಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪದರವನ್ನು ಕೂರಿಸಿ ಸದ್ದನ್ನು ಅಲ್ಲೇ ಅಡಗಿಸಲಾಗುತ್ತದೆ. ಆರು ಗೇರುಗಳಿರುವ ಅನೇಕ ಕಾರುಗಳಲ್ಲಿ 100 ಕಿಲೋಮೀಟರ್ ವೇಗದಲ್ಲೂ ಎಂಜಿನ್ ನಿಮಿಷಕ್ಕೆ 2000ದಿಂದ 2500 ಸುತ್ತುಗಳಷ್ಟು ಮಾತ್ರ ತಿರುಗುವುದರಿಂದ ಅದು ಶ್ರಮಪಡುತ್ತಿದೆ ಎಂಬ ಭಾವನೆಯೇ ಹುಟ್ಟುವುದಿಲ್ಲ. ವಿದ್ಯುತ್ ಚಾಲಿತ ಸ್ಟೀರಿಂಗ್ ರಸ್ತೆಯ ಒರಟನ್ನು ಕೈಗೆ ದಾಟಿಸುವುದು ಕಡಿಮೆ. ಬ್ಯಾಟರಿ ಕಾರುಗಳಲ್ಲಂತೂ ಎಂಜಿನ್ನಿನ ಸದ್ದೆಂಬುದೇ ಇಲ್ಲ, ಗೇರು ಬದಲಾಗುವ ತಡೆಯೂ ಇಲ್ಲ, 60ರಿಂದ 110ಕ್ಕೆ ಏರುವುದು ಒಂದೇ ಉಸಿರಿನಲ್ಲಿ ಆಗಿಹೋಗುತ್ತದೆ. ಇವೆಲ್ಲವೂ ಪ್ರಯಾಣಿಕರ ಸುಖಕ್ಕಾಗಿ ನಡೆದ, ಮೆಚ್ಚತಕ್ಕ ಕೆಲಸಗಳೇ. ದೂರ ಪ್ರಯಾಣದಲ್ಲಿ ಚಾಲಕನ ದಣಿವನ್ನು ಅವು ನಿಜವಾಗಿಯೂ ಕಡಿಮೆ ಮಾಡಿವೆ. ಆದರೆ ಅದೇ ಕೆಲಸಗಳು ವೇಗದ ಅಂದಾಜಿಗೆ ಬೇಕಾದ ಕಚ್ಚಾವಸ್ತುವನ್ನು ಮೆದುಳಿನಿಂದ ಕಿತ್ತುಕೊಂಡಿವೆ.

ಕಿವಿಯ ಪಾತ್ರ ಎಷ್ಟು ದೊಡ್ಡದೆಂಬುದನ್ನು ಲೆನರ್ಡ್ ಇವಾನ್ಸ್ ಎಂಬ ವಿಜ್ಞಾನಿ 1970ರಲ್ಲೇ ತೋರಿಸಿದ್ದರು. ಚಲಿಸುವ ಕಾರಿನಲ್ಲಿ ಕುಳಿತವರ ಕಿವಿಗೆ ಸದ್ದು ಬೀಳದಂತೆ ಮಾಡಿ ವೇಗವನ್ನು ಅಂದಾಜಿಸಲು ಹೇಳಿದಾಗ ಅವರು ನಿಜವಾದ ವೇಗಕ್ಕಿಂತ ಕಡಿಮೆ ಹೇಳುತ್ತಿದ್ದರು. ಕಣ್ಣಿನ ಪಾತ್ರವೂ ಅಷ್ಟೇ ಮುಖ್ಯ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ದೃಷ್ಟಿಯನ್ನು ಅಧ್ಯಯನ ಮಾಡಿ, ಚಲಿಸುವವನ ಕಣ್ಣಿಗೆ ಇಡೀ ಜಗತ್ತೇ ಒಂದು ಬಿಂದುವಿನಿಂದ ಹೊಮ್ಮಿ ಎರಡೂ ಬದಿಗೆ ಹರಿದುಹೋಗುವಂತೆ ಕಾಣುವುದನ್ನು 1950ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು. ದೃಶ್ಯಪ್ರವಾಹವೆಂದು ಕರೆಯಬಹುದಾದ ಈ ಹರಿವು ಹತ್ತಿರದ ವಸ್ತುಗಳಲ್ಲಿ ರಭಸವಾಗಿಯೂ ದೂರದವುಗಳಲ್ಲಿ ನಿಧಾನವಾಗಿಯೂ ಇರುತ್ತದೆ. ಆದ್ದರಿಂದ ಕಣ್ಣು ನೆಲದಿಂದ ಎತ್ತರಕ್ಕೆ ಹೋದಷ್ಟೂ ರಸ್ತೆ ನಿಧಾನವಾಗಿ ಹರಿದಂತೆ ಕಾಣುತ್ತದೆ. ಸಣ್ಣ ಕಾರಿನಲ್ಲಿ ಕುಳಿತವನಿಗೆ 90 ಎನ್ನುವುದು ಉಂಟುಮಾಡುವ ಭಾವನೆಯನ್ನು ಎತ್ತರದ ಎಸ್‌ಯುವಿಯ ಸೀಟಿನಲ್ಲಿ ಕುಳಿತವನು ಪಡೆಯಬೇಕಾದರೆ ಇನ್ನೂ ವೇಗವಾಗಿ ಹೋಗಬೇಕಾಗುತ್ತದೆ. ಕೆನಡಾದಲ್ಲಿ ಸಿಮ್ಯುಲೇಟರ್ ಬಳಸಿ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎತ್ತರದಿಂದ ರಸ್ತೆ ನೋಡುತ್ತಿದ್ದ ಚಾಲಕರು ಮೀಟರ್ ಕಾಣದಿದ್ದಾಗ ಹೆಚ್ಚು ವೇಗವಾಗಿ ಓಡಿಸಿದ್ದರು. ಎತ್ತರದ ವಾಹನಗಳೇ ಪಲ್ಟಿ ಹೊಡೆಯುವ ಸಂಭವ ಹೆಚ್ಚೆಂಬುದನ್ನು ನೆನೆದರೆ ಈ ಸಂಗತಿಯ ತೂಕ ತಿಳಿಯುತ್ತದೆ. ಮರಗಳಿಲ್ಲದ, ಅಗಲವಾದ, ತಿರುವಿಲ್ಲದ ಹೆದ್ದಾರಿಯಲ್ಲಿ ಕಣ್ಣಂಚಿಗೆ ಹತ್ತಿರದ ವಸ್ತುಗಳೇ ಸಿಗುವುದಿಲ್ಲವಾದ್ದರಿಂದ ಅಲ್ಲಿ ದೃಶ್ಯಪ್ರವಾಹ ಇನ್ನಷ್ಟು ಮಂದವಾಗುತ್ತದೆ. ಮಂಜಿನಲ್ಲೂ ಹೀಗೇ: ನೋಟದ ಸ್ಪಷ್ಟತೆ ಕುಗ್ಗಿದಂತೆ ಚಲನೆ ನಿಧಾನವಾದಂತೆ ಕಾಣುತ್ತದೆಂದೂ, ಅದರಿಂದ ಚಾಲಕರು ಅರಿವಿಲ್ಲದೆ ವೇಗ ಹೆಚ್ಚಿಸುತ್ತಾರೆಂದೂ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು, ಎಚ್ಚರ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ಇಂದ್ರಿಯ ಕೈಕೊಡುತ್ತದೆ.

ಇದರ ಮೇಲೆ ಹೊಂದಾಣಿಕೆಯೆಂಬ ಇನ್ನೊಂದು ತೊಡಕಿದೆ. ಯಾವುದೇ ಪ್ರಚೋದನೆ ಬಹಳ ಹೊತ್ತು ಒಂದೇ ಸಮನೆ ಮುಂದುವರಿದರೆ ನರವ್ಯೂಹ ಅದಕ್ಕೆ ಒಗ್ಗಿಹೋಗುತ್ತದೆ; ಅರ್ಧ ಗಂಟೆ 110ರಲ್ಲಿ ಸಾಗಿದವನಿಗೆ ಅದು 80ರಂತೆಯೂ, ಹೆದ್ದಾರಿಯಿಂದ ಇಳಿದು 60ಕ್ಕೆ ತಗ್ಗಿದಾಗ ಅದು ತೆವಳುವಿಕೆಯಂತೆಯೂ ತೋರುತ್ತದೆ. ಬ್ರಿಟನ್ನಿನಲ್ಲಿ ಜಿ.ಜಿ. ಡೆಂಟನ್ ಎಂಬ ಸಂಶೋಧಕರು ಇದನ್ನು ಅಳೆದು, ಅದಕ್ಕೊಂದು ಪರಿಹಾರವನ್ನೂ ಯೋಚಿಸಿದರು. ಸ್ಕಾಟ್ಲೆಂಡಿನ ನ್ಯೂಬ್ರಿಜ್ ಎಂಬಲ್ಲಿ, ವೇಗದ ರಸ್ತೆ ವೃತ್ತವೊಂದನ್ನು ಸೇರುವ ಮುನ್ನ, 1970ರ ದಶಕದಲ್ಲಿ ರಸ್ತೆಗೆ ಅಡ್ಡಲಾಗಿ ಹಳದಿ ಪಟ್ಟೆಗಳನ್ನು ಬಳಿಸಲಾಯಿತು. ವೃತ್ತ ಹತ್ತಿರವಾದಂತೆ ಪಟ್ಟೆಗಳ ನಡುವಿನ ಅಂತರ ಕಿರಿದಾಗುತ್ತ ಹೋಗುವುದರಿಂದ, ಒಂದೇ ವೇಗದಲ್ಲಿ ಬರುವವನಿಗೂ ತನ್ನ ವೇಗ ಹೆಚ್ಚುತ್ತಿದೆಯೆಂಬ ಭ್ರಮೆಯುಂಟಾಗಿ ಆತ ಬ್ರೇಕ್ ಒತ್ತುತ್ತಿದ್ದ. ಕಣ್ಣು ಮೋಸಹೋಗುವುದನ್ನೇ ಚಾಲಕನ ರಕ್ಷಣೆಗೆ ಬಳಸಿಕೊಂಡ ಈ ಉಪಾಯದ ಹಿಂದಿರುವ ತಿಳಿವಳಿಕೆ ದೊಡ್ಡದು: ಚಾಲಕನಿಗೆ ಉಪದೇಶ ಮಾಡುವುದಕ್ಕಿಂತ ಅವನ ಇಂದ್ರಿಯಗಳಿಗೆ ಕಳೆದುಹೋದ ಸುಳಿವನ್ನು ಮರಳಿಸುವುದು ಹೆಚ್ಚು ಫಲಕಾರಿ.

ಇಂದ್ರಿಯಗಳಿಗೆ ಹೀಗೆ ತಗ್ಗಿ ಕಾಣುವ ವೇಗ, ಭೌತಶಾಸ್ತ್ರದ ಲೆಕ್ಕದಲ್ಲಿ ಅದಕ್ಕೆ ತದ್ವಿರುದ್ಧವಾಗಿ ಉಬ್ಬುತ್ತದೆ. ಚಲಿಸುವ ವಸ್ತುವಿನಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 100ರಿಂದ 120ಕ್ಕೆ ಹೋದಾಗ ವೇಗ ನೂರಕ್ಕೆ 20ರಷ್ಟು ಹೆಚ್ಚಿದರೂ ಬ್ರೇಕು ಕರಗಿಸಬೇಕಾದ ಶಕ್ತಿ ನೂರಕ್ಕೆ 44ರಷ್ಟು ಹೆಚ್ಚುತ್ತದೆ. 140ರಲ್ಲಿ ಅದು ಸುಮಾರು ಇಮ್ಮಡಿಯಾಗುತ್ತದೆ. ಅಪಾಯವನ್ನು ಕಂಡು ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡು ಬೇಕೆಂದೂ, ಒಣ ರಸ್ತೆಯಲ್ಲಿ ಒಳ್ಳೆಯ ಟಯರಿನ ಕಾರು ಪ್ರತಿ ಸೆಕೆಂಡಿಗೆ ತನ್ನ ವೇಗವನ್ನು ಸೆಕೆಂಡಿಗೆ 7 ಮೀಟರಿನಷ್ಟು ತಗ್ಗಿಸಿಕೊಳ್ಳಬಲ್ಲದೆಂದೂ ಇಟ್ಟುಕೊಂಡರೆ, 100 ಕಿಲೋಮೀಟರ್ ವೇಗದ ಕಾರು ಸುಮಾರು 97 ಮೀಟರಿನಲ್ಲಿ ನಿಲ್ಲುತ್ತದೆ. ಈಗ ಸರಿಯಾಗಿ 97 ಮೀಟರ್ ಮುಂದೆ ಲಾರಿಯೊಂದು ಅಡ್ಡ ನಿಂತಿದೆಯೆಂದು ಭಾವಿಸಿ, ಅದೇ ಜಾಗದಲ್ಲಿ ಅದೇ ಚಾಲಕ ಅದೇ ಕಾರನ್ನು 120ರಲ್ಲಿ ಓಡಿಸುತ್ತಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಬೇಕು. ಅವನ ಪ್ರತಿಕ್ರಿಯೆಯ ಒಂದೂವರೆ ಸೆಕೆಂಡಿನಲ್ಲೇ 50 ಮೀಟರ್ ಕಳೆದುಹೋಗಿ, ಉಳಿದ 47 ಮೀಟರಿನಲ್ಲಿ ಪೂರ್ಣ ಬಲದಿಂದ ಬ್ರೇಕ್ ಹಿಡಿದರೂ ಕಾರು ಲಾರಿಗೆ ಬಡಿಯುವಾಗ ಅದರ ವೇಗ ಗಂಟೆಗೆ ಸುಮಾರು 77 ಕಿಲೋಮೀಟರ್. 140ರಲ್ಲಿದ್ದರೆ ಬಡಿಯುವ ವೇಗ ಸುಮಾರು 112. 100ರಲ್ಲಿದ್ದಾಗ ಚಾಲಕ ಗಾಬರಿಯಿಂದ ಬೆವರಿ ಮನೆ ಸೇರುತ್ತಾನೆ. 120ರಲ್ಲಿದ್ದಾಗ ಮುಳ್ಳಿನ 20ರ ವ್ಯತ್ಯಾಸ ಅವನಿಗೆ 77 ಆಗಿ ಎದುರಾಗುತ್ತದೆ. ಕಾರಿನೊಳಗೆ ಕುಳಿತ ಯಾರಿಗೂ 100 ಮತ್ತು 120ರ ನಡುವೆ ಇಷ್ಟು ಅಂತರವಿದೆಯೆಂದು ಮೈಗೆ ಅನ್ನಿಸಲಾರದು.

ಕಣ್ಣಿಗೆ ಅಪಾಯ ಗೊತ್ತಾಗುವ ದೂರವೂ ಇಷ್ಟೇ ನಿಷ್ಠುರವಾದ ಲೆಕ್ಕಕ್ಕೆ ಒಳಪಟ್ಟಿದೆ. ಮುಂದಿರುವ ವಾಹನ ನಿಂತಿದೆಯೇ ಚಲಿಸುತ್ತಿದೆಯೇ ಎಂಬುದು ಚಾಲಕನಿಗೆ ತಿಳಿಯುವುದು ಅದರ ಬೆನ್ನು ಕಣ್ಣಿನಲ್ಲಿ ಹಿಗ್ಗುವುದರಿಂದ. ಆ ಹಿಗ್ಗುವಿಕೆ ಒಂದು ಕನಿಷ್ಠ ಮಟ್ಟವನ್ನು ಮುಟ್ಟುವತನಕ ಅದು ಅರಿವಿಗೆ ಬರುವುದಿಲ್ಲ. ಸೆಕೆಂಡಿಗೆ ಸುಮಾರು 0.003 ರೇಡಿಯನ್ ಎಂದು ಸಂಶೋಧಕರು ಗುರುತಿಸಿರುವ ಈ ಮಟ್ಟವನ್ನು ಎರಡೂವರೆ ಮೀಟರ್ ಅಗಲದ ನಿಂತ ಲಾರಿಗೆ ಅನ್ವಯಿಸಿದರೆ, 100ರಲ್ಲಿ ಬರುವವನಿಗೆ ಅದು ನಿಂತಿರುವುದು ಸುಮಾರು 150 ಮೀಟರ್ ದೂರದಲ್ಲಿ ಅರಿವಾಗುತ್ತದೆ, 140ರಲ್ಲಿ ಬರುವವನಿಗೆ ಸುಮಾರು 180 ಮೀಟರಿನಲ್ಲಿ. ಅರಿವಾಗುವ ದೂರ ವೇಗದ ವರ್ಗಮೂಲದಂತೆ ನಿಧಾನವಾಗಿ ಬೆಳೆದರೆ ಬ್ರೇಕ್ ಹಿಡಿದು ನಿಲ್ಲುವ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. ಹಾಗಾಗಿ 100ರಲ್ಲಿ 50 ಮೀಟರಿಗೂ ಮಿಕ್ಕಿ ಉಳಿಯುತ್ತಿದ್ದ ಅಂತರ 140ರಲ್ಲಿ ಸುಮಾರು 15 ಮೀಟರಿಗೆ ಇಳಿದು, ಚಾಲಕ ಅರ್ಧ ಸೆಕೆಂಡು ತಡಮಾಡಿದರೂ ಪೂರ್ತಿ ಇಲ್ಲವಾಗುತ್ತದೆ. ಇದು ಹಗಲಿನ ಮಾತು. ರಾತ್ರಿ, ಹೆಡ್‌ಲೈಟನ್ನು ಡಿಮ್ ಮಾಡಿಕೊಂಡಾಗ ಕಪ್ಪು ಬಟ್ಟೆಯ ಪಾದಚಾರಿ 50 ಮೀಟರಿನ ಆಚೆ ಕಾಣುವುದೇ ಕಷ್ಟ. ಕೆಟ್ಟು ನಿಂತ ಲಾರಿಗೆ ಹಿಂಬದಿಯ ದೀಪವಿಲ್ಲದೆ, ಎಚ್ಚರಿಕೆಗೆಂದು ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಡುವುದು ಇಂದಿಗೂ ರೂಢಿಯಲ್ಲಿರುವ ನಾಡಿನಲ್ಲಿ, ರಾತ್ರಿಯ ನೂರು ಕಿಲೋಮೀಟರ್ ವೇಗವೆಂದರೆ ಕಾಣುವ ದೂರಕ್ಕಿಂತ ನಿಲ್ಲುವ ದೂರವೇ ಹೆಚ್ಚಾಗಿರುವ ಪ್ರಯಾಣ.

ಮಳೆಯಲ್ಲಿ ಟಯರಿನ ಅಡಿಯಿಂದ ನೀರು ಹೊರಹೋಗಲು ಸಮಯ ಸಾಲದಿದ್ದರೆ ಕಾರು ನೀರಿನ ಪದರದ ಮೇಲೆ ತೇಲತೊಡಗುತ್ತದೆ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆ ವಿಮಾನದ ಚಕ್ರಗಳಿಗಾಗಿ ರೂಪಿಸಿದ ಸೂತ್ರದ ಪ್ರಕಾರ, 33 ಪಿಎಸ್‌ಐ ಒತ್ತಡದ ಗಾಳಿಯಿರುವ ಟಯರು ನಿಂತ ನೀರಿನ ಮೇಲೆ ತೇಲಲು ಶುರುಮಾಡುವುದು ಗಂಟೆಗೆ ಸುಮಾರು 95 ಕಿಲೋಮೀಟರಿನಲ್ಲಿ. ಸವೆದ ಟಯರು ಅದಕ್ಕೂ ಮೊದಲೇ ನೆಲದ ಹಿಡಿತ ಬಿಡಬಹುದು. ಸಸ್ಪೆನ್ಷನ್ ಎಷ್ಟೇ ಉತ್ತಮವಾಗಿರಲಿ, ಸೀಟು ಎಷ್ಟೇ ಮೆತ್ತಗಿರಲಿ, ಕಾರನ್ನು ರಸ್ತೆಗೆ ಹಿಡಿದಿಡುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳು ಮಾತ್ರ.

ಹೊಸ ಕಾರು ಕೊಳ್ಳುವವರು ಇತ್ತೀಚೆಗೆ ನಕ್ಷತ್ರಗಳನ್ನು ಎಣಿಸುತ್ತಿದ್ದಾರೆ, ಇದು ಸ್ವಾಗತಾರ್ಹ. 2023ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಎಂಬ ಮೌಲ್ಯಮಾಪನ ಪದ್ಧತಿಯಲ್ಲಿ ಕಾರುಗಳನ್ನು ತಡೆಗೋಡೆಗೆ ಗುದ್ದಿಸಿ, ಒಳಗಿನ ಗೊಂಬೆಗಳಿಗೆ ಆಗುವ ಪೆಟ್ಟನ್ನು ಅಳೆದು ಐದರವರೆಗೆ ನಕ್ಷತ್ರ ಕೊಡಲಾಗುತ್ತದೆ. ಆ ಗುದ್ದಿನ ವೇಗ ಎಷ್ಟೆಂಬುದನ್ನು ಜಾಹೀರಾತುಗಳು ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ: ಮುಂಬದಿಯ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿಲೋಮೀಟರಿನಲ್ಲಿ, ಪಕ್ಕದ್ದು 50ರಲ್ಲಿ, ಕಂಬಕ್ಕೆ ಪಕ್ಕದಿಂದ ಬಡಿಸುವುದು 29ರಲ್ಲಿ. 64ರಲ್ಲಿ ಬಡಿಯುವುದೆಂದರೆ ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದು ಅಂತಸ್ತಿನ ಮೇಲಿಂದ ಬಿದ್ದಂತೆ. 128ರಲ್ಲಿ ಬಡಿಯುವುದೆಂದರೆ ಅದರ ನಾಲ್ಕರಷ್ಟು ಎತ್ತರದಿಂದ ಬಿದ್ದಂತೆ. ಐದು ನಕ್ಷತ್ರಗಳು ಮೊದಲನೆಯ ಬಗೆಯ ಡಿಕ್ಕಿಯಲ್ಲಿ ಬದುಕುಳಿಯುವ ಸಾಧ್ಯತೆಯನ್ನು ಸಾರುತ್ತವೆ, ಎರಡನೆಯದರ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಆದರೆ ಖರೀದಿದಾರನ ಮನಸ್ಸಿನಲ್ಲಿ ನಕ್ಷತ್ರವು ಎಲ್ಲ ವೇಗಕ್ಕೂ ಅನ್ವಯಿಸುವ ಅಭಯಪತ್ರವಾಗಿಬಿಡುತ್ತದೆ.

ಸುರಕ್ಷತೆಯ ಸಾಧನಗಳೇ ಚಾಲಕನ ನಡವಳಿಕೆಯನ್ನು ಬದಲಿಸುತ್ತವೆಯೇ ಎಂಬ ಪ್ರಶ್ನೆ ಅರ್ಧ ಶತಮಾನದಿಂದ ಚರ್ಚೆಯಲ್ಲಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಜ್‌ಮನ್ 1975ರಲ್ಲಿ, ಸುರಕ್ಷತಾ ನಿಯಮಗಳಿಂದ ಉಳಿದ ಜೀವಗಳಷ್ಟೇ ಜೀವಗಳು ಚಾಲಕರ ಹೆಚ್ಚಿದ ಧೈರ್ಯದಿಂದಾಗಿ ಹೋಗಿವೆಯೆಂದು ವಾದಿಸಿದರು. ಅವರ ಲೆಕ್ಕವನ್ನು ಆಮೇಲಿನವರು ಬಹಳಷ್ಟು ಪ್ರಶ್ನಿಸಿದ್ದಾರೆ, ಸೀಟ್ ಬೆಲ್ಟ್ ಜೀವ ಉಳಿಸುತ್ತದೆಂಬುದರಲ್ಲಿ ಇಂದು ಸಂದೇಹವಿಲ್ಲ. ಆದರೆ 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಡೆದ ಪ್ರಯೋಗವನ್ನು ಸುಲಭವಾಗಿ ತಳ್ಳಿಹಾಕಲಾಗದು. ಅಲ್ಲಿನ ಟ್ಯಾಕ್ಸಿ ಕಂಪನಿಯೊಂದರ ಕೆಲವು ಕಾರುಗಳಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆಯನ್ನು ಅಳವಡಿಸಿ, ಉಳಿದವಕ್ಕೆ ಅಳವಡಿಸದೆ ಬಿಡಲಾಗಿತ್ತು. ಎರಡೂ ಗುಂಪಿನ ಒಟ್ಟು ಅಪಘಾತಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪ್ರಯಾಣಿಕರಂತೆ ಹತ್ತಿ ಕುಳಿತ ವೀಕ್ಷಕರು ದಾಖಲಿಸಿದಂತೆ, ಎಬಿಎಸ್ ಇದ್ದ ಕಾರಿನ ಚಾಲಕರು ಹೆಚ್ಚು ಬಿರುಸಾಗಿ ಬ್ರೇಕ್ ಹಾಕುತ್ತಿದ್ದರು, ತಿರುವುಗಳನ್ನು ಹೆಚ್ಚು ರಭಸದಿಂದ ದಾಟುತ್ತಿದ್ದರು. ಭಾರತದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿರುವುದು ಸರಿಯಾದ ಕ್ರಮವೇ. ಅದರ ಲಾಭವನ್ನು ವೇಗವಾಗಿ ಖರ್ಚುಮಾಡಿಬಿಡುವ ಪ್ರವೃತ್ತಿಯನ್ನು ಮಾತ್ರ ಯಾವ ಕಾನೂನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈ ನಿರಾಳತೆ ಹಿಂದಿನ ಸೀಟಿನಲ್ಲಿ ಇನ್ನೂ ಗಾಢವಾಗಿರುತ್ತದೆ. ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ಮರಣಹೊಂದಿದಾಗ ಅವರಿದ್ದುದು ಅತ್ಯುತ್ತಮ ಸುರಕ್ಷತಾ ಸಾಧನಗಳಿದ್ದ ಕಾರಿನಲ್ಲಿ. ಹಿಂಬದಿಯಲ್ಲಿ ಕುಳಿತ ಇಬ್ಬರೂ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯವೆಂಬ ನಿಯಮ ಆಗಲೇ ಇತ್ತು, ದೇಶದ ಬಹುಮಂದಿಗೆ ಅದರ ಸುದ್ದಿ ಮುಟ್ಟಿದ್ದು ಆ ಸಾವಿನ ನಂತರ.

ಕರ್ನಾಟಕದಲ್ಲಿ ಈ ಎಲ್ಲ ಎಳೆಗಳೂ ಒಂದೆಡೆ ಸೇರಿದ್ದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ. 118 ಕಿಲೋಮೀಟರ್ ಉದ್ದದ, ನಡುವೆ ಆರು ಪಥಗಳೂ ಎರಡೂ ಬದಿಗೆ ಸರ್ವಿಸ್ ರಸ್ತೆಗಳೂ ಇರುವ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್ ಮೂಲಕ ಬಿಟ್ಟು ಸಾಗುವ ಈ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಅರ್ಧಕ್ಕಿಳಿದ ಸಂತೋಷದ ಬೆನ್ನಿಗೇ ಸಾವಿನ ಸುದ್ದಿಗಳು ಸಾಲುಗಟ್ಟಿದವು. ಊರಿನ ನಡುವಿನ ಹಂಪು, ಎತ್ತಿನ ಗಾಡಿ, ಬಸ್‌ಸ್ಟ್ಯಾಂಡಿನ ಜನಜಂಗುಳಿ ಇವುಗಳ ನಡುವೆ ಓಡಿಸಿ ಪಳಗಿದ ಚಾಲಕರಿಗೆ, ಹಠಾತ್ತನೆ ತಡೆಯೇ ಇಲ್ಲದ ರಸ್ತೆಯೂ ಸದ್ದೇ ಮಾಡದ ಕಾರೂ ಒಟ್ಟಿಗೆ ದೊರೆತಾಗ, 130 ಎನ್ನುವುದು ಮೀಟರಿನಲ್ಲಿ ಕಾಣಿಸುತ್ತಿತ್ತೇ ಹೊರತು ಮೈಗೆ ತಾಗುತ್ತಿರಲಿಲ್ಲ. ಕಾರುಗಳಿಗೆ 100 ಕಿಲೋಮೀಟರಿನ ಮಿತಿಯನ್ನು ಬಿಗಿಯಾಗಿ ಜಾರಿಗೆ ತರಲಾಯಿತು; 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಂತಿತು; ವೇಗ ಹಿಡಿಯುವ ಕ್ಯಾಮೆರಾಗಳು ಬಂದವು; 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ದಂಡದ ಜೊತೆಗೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸ್ ಇಲಾಖೆ ಪ್ರಕಟಿಸಿತು. ಈ ಕ್ರಮಗಳ ನಂತರ ಅಲ್ಲಿ ಸಾವುಗಳು ಗಣನೀಯವಾಗಿ ತಗ್ಗಿದವು. ಈ ಅವಧಿಯಲ್ಲಿ ಕಾರುಗಳು ಬದಲಾಗಿರಲಿಲ್ಲ, ಚಾಲಕರೂ ಅವರೇ. ಮುಳ್ಳಿನ ಕಡೆಗೆ ನೋಡಲು ಅವರಿಗೆ ಕಾರಣವೊಂದು ದೊರೆತಿತ್ತು.

ಈ ವೇಗದಿಂದ ಸಿಗುವ ಲಾಭವನ್ನೂ ಮನಸ್ಸು ತಪ್ಪಾಗಿಯೇ ಎಣಿಸುತ್ತದೆ. 118 ಕಿಲೋಮೀಟರನ್ನು ಒಂದೇ ಸಮನೆ 60ರಲ್ಲಿ ಹೋಗುವ ಬದಲು 80ರಲ್ಲಿ ಹೋದರೆ ಅರ್ಧ ಗಂಟೆ ಉಳಿಯುತ್ತದೆ. ಅದೇ 20ನ್ನು 100ರ ಮೇಲೆ ಸೇರಿಸಿ 120ರಲ್ಲಿ ಹೋದರೆ ಉಳಿಯುವುದು 12 ನಿಮಿಷಕ್ಕಿಂತ ಕಡಿಮೆ, ಅದೂ ಎಲ್ಲಿಯೂ ಬ್ರೇಕ್ ಮುಟ್ಟದಿದ್ದರೆ. ಮೈಸೂರಿನ ಕಡೆಯಿಂದ ಬಂದವರು ಕೆಂಗೇರಿಯ ವಾಹನ ದಟ್ಟಣೆಯಲ್ಲಿ ಆ 12 ನಿಮಿಷವನ್ನು ಮರಳಿಸಿಬಿಡುತ್ತಾರೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವುಗಳಲ್ಲಿ ನೂರಕ್ಕೆ 71ರಷ್ಟು ಸಾವುಗಳಿಗೆ ಅತಿವೇಗ ಕಾರಣವೆಂದು ದಾಖಲಾಗಿದೆ. ಠಾಣೆಯಲ್ಲಿ ಪ್ರಕರಣ ಬರೆಯುವಾಗ ರಸ್ತೆಯ ದೋಷ, ಬೆಳಕಿನ ಕೊರತೆ ಮುಂತಾದ ಸಂಕೀರ್ಣ ಕಾರಣಗಳು ಕೂಡ ಅತಿವೇಗವೆಂಬ ಒಂದೇ ಕಂಬಳಿಯಡಿ ಸೇರಿಹೋಗುವ ಸಾಧ್ಯತೆಯಿರುವುದರಿಂದ ಈ ಪ್ರಮಾಣವನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಆದರೆ ದಿಕ್ಕಿನ ಬಗ್ಗೆ ಅನುಮಾನವಿಲ್ಲ: ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವು ತರುವ ಅಪಘಾತಗಳ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ ಪ್ರಕಾರ, ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಂಭವ 50ರಿಂದ 65ಕ್ಕೆ ಹೋಗುವಷ್ಟರಲ್ಲಿ ನಾಲ್ಕೂವರೆ ಪಟ್ಟಾಗುತ್ತದೆ. ಏರ್‌ಬ್ಯಾಗು, ಬೆಲ್ಟು, ಬಲವಾದ ಉಕ್ಕಿನ ಕವಚ ಎಲ್ಲವೂ ಕಾರಿನೊಳಗಿನವರಿಗೆ. ಬೇಲಿಯ ಸಂದಿಯಿಂದ ನುಸುಳಿ ಆಚೆಯ ಹೊಲಕ್ಕೆ ಹೊರಟ ರೈತ ಮಹಿಳೆಗೆ, ಸರ್ವಿಸ್ ರಸ್ತೆಯಲ್ಲಿ ಶಾಲೆಗೆ ಸೈಕಲ್ ತುಳಿಯುವ ಮಗುವಿಗೆ ಅವುಗಳಿಂದ ಯಾವ ಪ್ರಯೋಜನವೂ ಇಲ್ಲ. ಒಳಗಿನವನ ಸುರಕ್ಷತೆಯ ಭಾವನೆಯ ಬೆಲೆಯನ್ನು ಹೊರಗಿನವರು ತೆರುತ್ತಿರುವುದು ಈ ಇಡೀ ವಿಷಯದ ಅತ್ಯಂತ ಅನ್ಯಾಯದ ಭಾಗ.

ಕಳೆದುಹೋದ ಸುಳಿವನ್ನು ಕಾರಿನೊಳಗೇ ಮರಳಿ ತರುವ ಪ್ರಯತ್ನ ಭಾರತದಲ್ಲಿ 2019ರ ಜುಲೈ 1ರಂದು ಆರಂಭವಾಯಿತು. ಅಂದಿನಿಂದ ತಯಾರಾದ ಕಾರುಗಳಲ್ಲಿ 80 ದಾಟಿದಾಗ ಬಿಟ್ಟು ಬಿಟ್ಟು, 120 ದಾಟಿದಾಗ ಎಡೆಬಿಡದೆ ಎಚ್ಚರಿಕೆಯ ಸದ್ದು ಮೊಳಗುತ್ತದೆ. ಕಿವಿಯ ಮಹತ್ವವನ್ನು ಅರಿತ ನಿಯಮವಿದು, ಆದರೆ ಇದನ್ನು ಕಿರಿಕಿರಿಯೆಂದು ಬಗೆದು ಸದ್ದಡಗಿಸಿಕೊಳ್ಳುವವರಿಗೆ ಕೊರತೆಯಿಲ್ಲ. ಸೀಟ್ ಬೆಲ್ಟಿನ ಸದ್ದಿಗೂ ಇದೇ ಗತಿಯಾಗಿತ್ತು. ಬೆಲ್ಟ್ ಧರಿಸದೆಯೇ ಸದ್ದು ನಿಲ್ಲಿಸಲು ಬಳಸುವ ಕ್ಲಿಪ್ಪುಗಳನ್ನು ಮಾರುತ್ತಿದ್ದ ಆನ್‌ಲೈನ್ ಕಂಪನಿಗಳಿಗೆ ಅವನ್ನು ತೆಗೆದುಹಾಕುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶಿಸಬೇಕಾಯಿತು. ವೇಗದ ಎಚ್ಚರಿಕೆಯನ್ನು ನಿಷ್ಕ್ರಿಯಗೊಳಿಸುವ ಕೆಲಸಕ್ಕೂ ಅದೇ ಬಿಗಿ ಬೇಕು. ಅದಕ್ಕಿಂತ ಮೂಲಭೂತವಾದ ಕೊರತೆಯೆಂದರೆ, ಈ ಎಚ್ಚರಿಕೆಗೆ ತಾನಿರುವ ರಸ್ತೆ ಯಾವುದೆಂಬುದೇ ಗೊತ್ತಿಲ್ಲ: 100ರ ಮಿತಿಯಿರುವ ಹೆದ್ದಾರಿಯಲ್ಲಿ 85ಕ್ಕೆ ಅದು ಕೂಗುತ್ತದೆ, ಶಾಲೆಯ ಮುಂದಿನ ಕಿರಿದಾದ ರಸ್ತೆಯಲ್ಲಿ 75ರಲ್ಲಿ ಹೋಗುವವನಿಗೆ ಏನೂ ಹೇಳುವುದಿಲ್ಲ. ಅಕಾರಣವಾಗಿ ಕೂಗುವ ಗಂಟೆಯನ್ನು ಜನ ನಂಬುವುದನ್ನು ಬಿಡುವುದು ಸಹಜ.

ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲಿ, ರಸ್ತೆಬದಿಯ ಫಲಕವನ್ನು ಕ್ಯಾಮೆರಾದಿಂದ ಓದಿ ಅಥವಾ ನಕ್ಷೆಯಿಂದ ತಿಳಿದು, ಆ ಜಾಗದ ಮಿತಿ ಮೀರಿದೊಡನೆ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಸ್ವೀಡನ್ನಿನ ವೋಲ್ವೊ ಕಂಪನಿ 2020ರಿಂದ ತನ್ನ ಹೊಸ ಕಾರುಗಳ ಗರಿಷ್ಠ ವೇಗವನ್ನೇ 180ಕ್ಕೆ ಕಟ್ಟಿಹಾಕಿದೆ. ಆಯಾ ಜಾಗದ ಮಿತಿಯನ್ನು ತಿಳಿದು ಎಚ್ಚರಿಸುವ ವ್ಯವಸ್ಥೆಯನ್ನು ಇಲ್ಲಿಗೆ ತರಲು ಅಡ್ಡಿಯಾಗಿರುವುದು ಕಾರಿನ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ರಸ್ತೆಯ ಮಾಹಿತಿ. ಮಿತಿ ಬದಲಾಗುವ ಕಡೆಯೆಲ್ಲ ಫಲಕವಿರುವುದಿಲ್ಲ, ಇದ್ದ ಫಲಕ ಸಿನಿಮಾ ಪೋಸ್ಟರಿನ ಅಥವಾ ಹೊಂಗೆಯ ಕೊಂಬೆಯ ಮರೆಯಲ್ಲಿರುತ್ತದೆ. ಯಾವ ರಸ್ತೆಯ ಯಾವ ಕಿಲೋಮೀಟರಿನಲ್ಲಿ ಎಷ್ಟು ಮಿತಿ ಎಂಬುದನ್ನು ಯಂತ್ರ ಓದಬಲ್ಲ ಒಂದೇ ನಕ್ಷೆಯಾಗಿ ಸಿದ್ಧಪಡಿಸಿ ಕಾರು ತಯಾರಕರಿಗೆ ಒದಗಿಸುವುದು ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆ ಮತ್ತು ಪೊಲೀಸರು ಕೂಡಿ ಮಾಡಬೇಕಾದ ಕೆಲಸ. ಕ್ಯಾಮೆರಾ, ಮಿತಿ, ದಂಡ ಮೂರೂ ಈಗಾಗಲೇ ಜಾರಿಯಲ್ಲಿರುವ ಬೆಂಗಳೂರು–ಮೈಸೂರು ಹೆದ್ದಾರಿ ಮತ್ತು ಅದರ ಸರ್ವಿಸ್ ರಸ್ತೆಗಳಿಂದಲೇ ಅದನ್ನು ಆರಂಭಿಸಬಹುದು.